ಬೋರ್‌ವೆಲ್ ಕೇಬಲ್ ಕಳುವಾದ ದಿನ ಮಧ್ಯಾಹ್ನದೊಳಗೆ ಆಗಬೇಕಾದ ಕೆಲಸ

ಬೆಳಗ್ಗೆ ತ್ರೀಫೇಸ್ ಬಂದಿದೆ, ಸ್ಟಾರ್ಟರ್ ಒತ್ತಿದರೆ ಮೋಟಾರ್ ಸದ್ದಿಲ್ಲ. ಫ್ಯೂಸ್ ಸರಿಯಿದೆ. ಕೇಬಲ್ ಜಾಡು ಹಿಡಿದು ಬೋರ್ ಕಡೆ ನಡೆದರೆ ಬದುವಿನ ಆಚೆ ಕೇಬಲ್ಲೇ ಇಲ್ಲ, ಕೇಸಿಂಗ್ ಪೈಪಿನ ಬಾಯಲ್ಲಿ ಗೇಣುದ್ದದ ತುಂಡು ಮಾತ್ರ ನೇತಾಡುತ್ತಿದೆ. ಹತ್ತರಲ್ಲಿ ಒಂಬತ್ತು ರೈತರು ಆಗ ಮಾಡುವುದು ಒಂದೇ ಕೆಲಸ: ಪೇಟೆಗೆ ಹೋಗಿ ಹೊಸ ಕೇಬಲ್ ತಂದು ಸಂಜೆಯೊಳಗೆ ನೀರು ಹಾಯಿಸುತ್ತಾರೆ. ತಪ್ಪೆನ್ನಲಾಗುವುದಿಲ್ಲ, ಬೆಳೆ ಕಾಯುವುದಿಲ್ಲ. ಆದರೆ ದೂರಿಲ್ಲದೆ ಹೊಸ ಕೇಬಲ್ ಕಟ್ಟಿದರೆ ಆ ಕಳ್ಳತನ ಸರ್ಕಾರದ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮುಂದಿನ ತಿಂಗಳು ಅದೇ ಸಾಲಿನ ಇನ್ನೊಂದು ಬೋರ್‌ಗೆ ಕತ್ತರಿ ಬಿದ್ದಾಗಲೂ ಠಾಣೆಯ ಲೆಕ್ಕದಲ್ಲಿ ನಿಮ್ಮೂರು ಶಾಂತವಾಗಿರುವ ಊರೇ.

ಕಳ್ಳ ಕೇಬಲನ್ನೇ ಯಾಕೆ ಹುಡುಕಿಕೊಂಡು ಬರುತ್ತಾನೆ ಎನ್ನುವುದಕ್ಕೆ ಸರಳ ಲೆಕ್ಕವಿದೆ. ಮೂರು ಎಳೆಯ 4 ಚದರ ಮಿಲಿಮೀಟರ್ ಚಪ್ಪಟೆ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 107 ಗ್ರಾಂ ತಾಮ್ರವಿರುತ್ತದೆ. 2.5ರದ್ದಾದರೆ 67 ಗ್ರಾಂ, 6ರದ್ದಾದರೆ 161 ಗ್ರಾಂ. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರ್‌ವರೆಗೆ 60 ಮೀಟರ್ ನೆಲದ ಮೇಲೆ ಬಿದ್ದಿದೆ ಎಂದುಕೊಳ್ಳಿ, 4ರ ಕೇಬಲ್ ಆದರೆ ಸುಮಾರು ಆರೂವರೆ ಕಿಲೋ ತಾಮ್ರ. ನಾಲ್ಕು ಹೊಲ ಸುತ್ತಿದರೆ ಒಂದು ಗೋಣಿಚೀಲ ಭರ್ತಿ. ಪಂಪ್‌ಸೆಟ್ ಫೀಡರ್‌ಗಳಿಗೆ ತ್ರೀಫೇಸ್ ಬರುವುದು ದಿನಕ್ಕೆ 7 ಗಂಟೆಯಷ್ಟೇ, ಅದೂ ಪಾಳಿಯ ಪ್ರಕಾರ. ಯಾವ ಹೊತ್ತಿಗೆ ಲೈನ್ ಹೋಗಿರುತ್ತದೆ ಎನ್ನುವುದು ಸುತ್ತಲಿನ ಊರಿಗೆಲ್ಲ ಗೊತ್ತು, ಕಳ್ಳನಿಗೂ ಗೊತ್ತು.

ಹೊಸ ಕೇಬಲ್ ತರಲು ಹೊರಡುವ ಮೊದಲು ಅರ್ಧ ಗಂಟೆ ಕೊಡಿ. ಕತ್ತರಿಸಿದ ಎರಡೂ ತುದಿ ಮುಟ್ಟಬೇಡಿ. ಮೊದಲು ದೂರದಿಂದ ಸ್ಟಾರ್ಟರ್ ಮನೆ ಮತ್ತು ಬೋರ್ ಎರಡೂ ಕಾಣುವಂತೆ ಒಂದು ಫೋಟೋ, ಆಮೇಲೆ ತುದಿಗಳ ಹತ್ತಿರದ ಫೋಟೋ. ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕಿ ಕತ್ತರಿಸಿದ್ದಕ್ಕೂ ಮಚ್ಚಿನಲ್ಲಿ ಕಡಿದದ್ದಕ್ಕೂ ತುದಿಯ ಆಕಾರ ಬೇರೆ, ಅದು ಫೋಟೋದಲ್ಲಿ ಕಾಣಬೇಕು. ಬೋರ್ ಬಾಯಲ್ಲಿ ಉಳಿದ ತುಂಡನ್ನು ಮೆಕ್ಯಾನಿಕ್ ಕತ್ತರಿಸಿ ಎಸೆಯದಂತೆ ನೋಡಿಕೊಳ್ಳಿ. ಕೇಬಲ್‌ನ ಕಪ್ಪು ಹೊದಿಕೆಯ ಮೇಲೆ ಕಂಪನಿ ಹೆಸರು, ಅಳತೆ, ಎಷ್ಟೋ ಕೇಬಲ್‌ಗಳಲ್ಲಿ ಮೀಟರ್ ಸಂಖ್ಯೆಯೂ ಅಚ್ಚಾಗಿರುತ್ತದೆ. ಹೋದದ್ದು ಯಾವ ಕೇಬಲ್ ಎಂದು ತೋರಿಸಲು ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಆ ತುಂಡೇ. ಒದ್ದೆ ಮಣ್ಣಿನಲ್ಲಿ ಹೆಜ್ಜೆ ಗುರುತೋ ಬೈಕಿನ ಟೈರ್ ಗುರುತೋ ಇದ್ದರೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆಯಿರಿ, ಅಳತೆ ತಿಳಿಯುತ್ತದೆ. ಆಮೇಲೆ ಅದರ ಮೇಲೆ ಒಂದು ಬಾಂಡ್ಲಿ ಕವುಚಿ. ಊರವರು ನೋಡಲು ಬಂದು ಹೋದ ಮೇಲೆ ಶ್ವಾನದಳ ಬಂದರೂ ನಾಯಿಗೆ ಸಿಗುವುದು ಊರವರ ವಾಸನೆಯೇ.

ಆಮೇಲೆ ಸುತ್ತಮುತ್ತ ಒಂದೆರಡು ಕಿಲೋಮೀಟರ್‌ನಲ್ಲಿ ಹಳೆ ಕಲ್ಲುಕ್ವಾರಿ, ಕೆರೆ ಅಂಗಳ, ಜಾಲಿ ಪೊದೆ ಇದ್ದರೆ ಹೋಗಿ ನೋಡಿ. ಹೊದಿಕೆ ಸುಟ್ಟರೆ ತಾಮ್ರ ಸುಲಭವಾಗಿ ಬಿಡುತ್ತದೆ, ಹೊರುವ ತೂಕವೂ ಇಳಿಯುತ್ತದೆ. ಹಾಗಾಗಿ ಕದ್ದ ರಾತ್ರಿಯೇ ಸುಡುವವರು ಬಹಳ. ಸುಟ್ಟ ಜಾಗದಲ್ಲಿ ಮೂಗಿಗೆ ಬಡಿಯುವ ಪ್ಲಾಸ್ಟಿಕ್ ವಾಸನೆ, ಕರಿ ಹೊಪ್ಪಳೆ, ಅದರ ನಡುವೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆ ಸಿಗುತ್ತವೆ. ಕೆಲವೊಮ್ಮೆ ಅಕ್ಷರ ಉಳಿದ ಹೊದಿಕೆಯ ಚೂರೂ ಸಿಗುತ್ತದೆ. ಕೈಯಲ್ಲಿ ಬಾಚಿಕೊಂಡು ಠಾಣೆಗೆ ಒಯ್ಯಬೇಡಿ. ಒಬ್ಬರನ್ನು ಕಾವಲಿಗೆ ಕೂರಿಸಿ, ಪೊಲೀಸರೇ ಬಂದು ಸಾಕ್ಷಿಗಳ ಎದುರು ಮಹಜರ್ ಬರೆದು ಎತ್ತಿಕೊಳ್ಳಲಿ. ನೀವು ತಂದುಕೊಟ್ಟ ಬೂದಿ ಎಲ್ಲಿಂದ ಬಂತು ಎನ್ನುವುದಕ್ಕೆ ಕೋರ್ಟಿನಲ್ಲಿ ನಿಮ್ಮ ಮಾತು ಬಿಟ್ಟು ಇನ್ನೇನೂ ಇರುವುದಿಲ್ಲ.

112ಕ್ಕೆ ಕರೆ ಮಾಡುವುದು ಒಳ್ಳೆಯದು. ಕರೆ ಮಾಡಿದ ಗಂಟೆ ದಾಖಲಾಗುತ್ತದೆ, ಗಾಡಿ ಬರುತ್ತದೆ. ಆದರೆ 112ರ ಕರೆ ಎಫ್ಐಆರ್ ಅಲ್ಲ. ಗಾಡಿ ಬಂದು ನೋಡಿ ಹೋಯಿತು, ಕೇಸ್ ಆಗಿದೆ ಎಂದುಕೊಂಡು ಮನೆಯಲ್ಲಿ ಕುಳಿತವರು ಬಹಳ ಮಂದಿ. ಠಾಣೆಗೆ ಹೋಗಿ ಲಿಖಿತ ದೂರು ಕೊಡಲೇಬೇಕು.

ದೂರು ಬರೆಯುವಾಗ ಒಂದು ಅಂಕಿ ತಲೆಯಲ್ಲಿರಲಿ, 5,000 ರೂಪಾಯಿ. 2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಮೊದಲೆಲ್ಲ 379 ಎನ್ನುತ್ತಿದ್ದ ಕಳ್ಳತನ ಈಗ ನ್ಯಾಯ ಸಂಹಿತೆಯ 303(2). ಹಳೆಯ ಕಾನೂನಿನಲ್ಲಿ ಕದ್ದ ಮಾಲು ಎಷ್ಟೇ ಚಿಕ್ಕದಿರಲಿ ಪೊಲೀಸರು ನೇರವಾಗಿ ತನಿಖೆ ಮಾಡಬಹುದಿತ್ತು. ಈಗ ಮಾಲಿನ ಬೆಲೆ 5,000ಕ್ಕಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಎಫ್ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಆಗುತ್ತದೆ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಹಳ್ಳಿಯ ಕಳ್ಳತನಗಳಿಗೆ ಈ ಗೆರೆಯಿಂದ ಆಗಿರುವ ನಷ್ಟ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಪೇಟೆಯವರಿಗೆ 4,500 ರೂಪಾಯಿ ಒಂದು ಸಂಜೆಯ ಖರ್ಚಿರಬಹುದು, ಸೊಪ್ಪು ತರಕಾರಿ ಬೆಳೆಯುವವನಿಗೆ ಅದು ಒಂದು ವಾರದ ನೀರು.

ಹಾಗಂತ ಬೆಲೆ ಉಬ್ಬಿಸಬೇಡಿ. ಪಾಟಿ ಸವಾಲಿನಲ್ಲಿ ಅದೇ ಬಿಲ್ ನಿಮ್ಮ ಮುಖದ ಮುಂದೆ ಹಿಡಿಯುತ್ತಾರೆ. ಆದರೆ ಇರುವುದನ್ನು ಬಿಡದೆ ಬರೆಯಿರಿ. ಕೇಬಲ್ ಮಾತ್ರ ಹೋಯಿತೇ? ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಕಾಂಟ್ಯಾಕ್ಟರ್, ಕೆಪಾಸಿಟರ್, ಮೀಟರ್, ಪಕ್ಕದಲ್ಲಿಟ್ಟಿದ್ದ ಹಿತ್ತಾಳೆ ಗೇಟ್‌ವಾಲ್ವ್ ಇವೆಯೇ ನೋಡಿ. ಕೇಬಲ್‌ನ ಉದ್ದವನ್ನು ಹೆಜ್ಜೆಯಲ್ಲಿ ಎಣಿಸದೆ ಟೇಪ್ ಹಿಡಿದು ಅಳೆಯಿರಿ. ಹಳೆ ಬಿಲ್ ಇಲ್ಲದಿದ್ದರೆ ಕೇಬಲ್ ಕೊಂಡ ಅಂಗಡಿಯಿಂದ ಅದೇ ಅಳತೆಯ ಕೇಬಲ್‌ಗೆ ಇಂದಿನ ದರಪಟ್ಟಿ ತಂದು ಲಗತ್ತಿಸಿ.

ಮಾಲು ಎಲ್ಲಿತ್ತು ಎನ್ನುವುದೂ ಅಷ್ಟೇ ಮುಖ್ಯ. ಬಯಲಿನಲ್ಲಿ ಬಿದ್ದಿದ್ದ ಕೇಬಲ್ ಹೋದರೆ 303(2), ಗರಿಷ್ಠ 3 ವರ್ಷ. ಸಾಮಾನು ಇಡುವ ಕಟ್ಟಡದೊಳಗಿಂದ ಕದ್ದರೆ ಸೆಕ್ಷನ್ 305, ಗರಿಷ್ಠ 7 ವರ್ಷ. ಅದಕ್ಕೆ ಬೆಲೆಯ ಮಿತಿ ಇಲ್ಲ. ಪಂಪ್‌ಮನೆಗೆ ಗೋಡೆ, ಬಾಗಿಲು, ಬೀಗ ಇದ್ದು ಅದರೊಳಗೆ ಪೈಪು, ಹೆಚ್ಚುವರಿ ಕೇಬಲ್ ಇಟ್ಟಿದ್ದರೆ ಅದನ್ನು ಬಿಡಿಸಿ ಬರೆಯಬೇಕು. ರಾತ್ರಿ ಬೀಗ ಮುರಿದಿದ್ದರೆ 331 ಕೂಡ ಬರುತ್ತದೆ. ಇನ್ನೊಂದು ಮಾತು, ರೈತರು ಬರೆಯುವುದನ್ನೇ ಮರೆಯುವುದು: ಕೇಬಲ್ ಹೋದದ್ದರಿಂದ ನೀರು ನಿಂತಿತು, ಇಷ್ಟು ಗುಂಟೆ ಬೆಳೆ ಒಣಗುತ್ತಿದೆ ಎಂಬ ವಾಕ್ಯ. ಬೇಸಾಯದ ನೀರಿಗೆ ಕೊರತೆ ಮಾಡುವ ಹಾನಿಗೆ 326ರಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಯಾವ ಸೆಕ್ಷನ್ ಹಾಕಬೇಕೆಂದು ತೀರ್ಮಾನಿಸುವುದು ಠಾಣಾಧಿಕಾರಿಯ ಕೆಲಸ. ಆದರೆ ದೂರಿನಲ್ಲಿ ಇಲ್ಲದ ಸಂಗತಿಗೆ ಅವರಾದರೂ ಸೆಕ್ಷನ್ ಎಲ್ಲಿಂದ ತರಬೇಕು?

ದೂರಿನ ತಿರುಳು ಹೀಗಿದ್ದರೆ ಸಾಕು:

“ನಮ್ಮ ಗ್ರಾಮದ ಸರ್ವೆ ನಂ. … ರ ಜಮೀನಿನಲ್ಲಿರುವ ಕೊಳವೆಬಾವಿಗೆ ಅಳವಡಿಸಿದ್ದ … ಕಂಪನಿಯ 4 ಚ.ಮಿ.ಮೀ. ಮೂರು ಎಳೆಯ ತಾಮ್ರದ ಕೇಬಲ್ 62 ಮೀಟರ್. ನಿನ್ನೆ ಸಂಜೆ 6.30ಕ್ಕೆ ಮೋಟಾರ್ ನಿಲ್ಲಿಸಿ ಮನೆಗೆ ಹೋಗುವಾಗ ಕೇಬಲ್ ಇತ್ತು. ಇಂದು ಬೆಳಗ್ಗೆ 5.45ಕ್ಕೆ ಬಂದು ನೋಡಿದಾಗ ಯಾರೋ ಕಳ್ಳರು ಎರಡೂ ಕಡೆ ಕತ್ತರಿಸಿಕೊಂಡು ಹೋಗಿರುವುದು ಕಂಡಿತು. ಇದರಿಂದ ಒಂದೂವರೆ ಎಕರೆ ಟೊಮೆಟೊಗೆ ನೀರು ನಿಂತಿದೆ. ಉಳಿದಿರುವ ತುಂಡನ್ನು ಸ್ಥಳದಲ್ಲೇ ಇಟ್ಟಿದ್ದೇನೆ.”

ಕೊನೆಯದಾಗಿ ಕಂಡದ್ದು ಎಷ್ಟು ಹೊತ್ತಿಗೆ, ಕಾಣೆಯಾದದ್ದು ಗೊತ್ತಾದದ್ದು ಎಷ್ಟು ಹೊತ್ತಿಗೆ ಎಂಬ ಎರಡು ಗಂಟೆಗಳು ಈ ದೂರಿನ ಪ್ರಾಣ. ತನಿಖಾಧಿಕಾರಿ ಮೊಬೈಲ್ ಟವರ್ ವಿವರ ಕೇಳುವುದೂ ರಸ್ತೆಯ ಕ್ಯಾಮೆರಾ ನೋಡುವುದೂ ಆ ನಡುವಿನ ಅವಧಿಗೆ. “ರಾತ್ರಿ ವೇಳೆ” ಎಂದಷ್ಟೇ ಬರೆದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗಿನ ದೃಶ್ಯ ನೋಡಬೇಕೆಂದೇ ತಿಳಿಯುವುದಿಲ್ಲ, ಯಾರೂ ನೋಡುವುದಿಲ್ಲ. ಎರಡು ದಿನ ತಡವಾಗಿ ದೂರು ಕೊಡುತ್ತಿದ್ದರೆ ಯಾಕೆ ತಡವಾಯಿತೆಂದು ಒಂದು ಸಾಲು ಸೇರಿಸಿ. ಕಾರಣವಿಲ್ಲದ ವಿಳಂಬ ಆರೋಪಿಯ ವಕೀಲರಿಗೆ ಸಿಗುವ ಮೊದಲ ಆಯುಧ.

ಅನುಮಾನದ ಹೆಸರು ಬರೆಯುವುದರಲ್ಲಿ ಎಚ್ಚರ ಬೇಕು. ಬದುವಿನ ಜಗಳ, ಪಂಚಾಯ್ತಿ ಚುನಾವಣೆಯ ಹಗೆ, ದಾರಿ ತಕರಾರು ಇಲ್ಲದ ಊರಿಲ್ಲ. ಆ ಸಿಟ್ಟಿನಲ್ಲಿ ಪಕ್ಕದ ಹೊಲದವನ ಹೆಸರು ಬರೆಸಿದರೆ ತನಿಖೆ ಅವನ ಸುತ್ತಲೇ ಸುತ್ತುತ್ತದೆ, ಅಷ್ಟರೊಳಗೆ ನಿಜವಾದ ಕಳ್ಳ ತಾಮ್ರ ಮಾರಿ ಮುಗಿಸಿರುತ್ತಾನೆ. ಸುಳ್ಳು ಎಂದು ಕೇಸ್ ಮುಚ್ಚುವ ಬಿ ರಿಪೋರ್ಟ್ ಬಿದ್ದರೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ 217ರಡಿ ನಿಮ್ಮ ಮೇಲೆಯೇ ಕ್ರಮ ಆಗಬಹುದು. ಅನುಮಾನಕ್ಕೆ ಆಧಾರವಿದ್ದರೆ ಆಧಾರವನ್ನೇ ಬರೆಯಿರಿ: ಇಂಥ ಗಾಡಿ, ಇಷ್ಟು ಹೊತ್ತಿಗೆ, ಇಂಥ ದಾರಿಯಲ್ಲಿ ಕಂಡವರು ಇಂಥವರು.

ಠಾಣೆಯಲ್ಲಿ ಎರಡು ಪ್ರತಿ ಕೊಡಿ, ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಎಫ್ಐಆರ್ ಆದರೆ ಅದರ ಪ್ರತಿ ಬಿಟ್ಟಿಯಾಗಿ ಕೊಡಬೇಕು ಎಂದು ಸುರಕ್ಷಾ ಸಂಹಿತೆಯ 173(2) ಹೇಳುತ್ತದೆ, ಜೆರಾಕ್ಸ್ ಕಾಸೂ ಕೊಡಬೇಕಿಲ್ಲ. ಬಾಯಲ್ಲಿ ಹೇಳಿದ್ದನ್ನು ಅವರು ಬರೆದುಕೊಂಡರೆ ಓದಿಸಿ ಕೇಳಿದ ಮೇಲೆ ಸಹಿ ಹಾಕಿ. ಇಮೇಲ್‌ನಂಥ ವಿದ್ಯುನ್ಮಾನ ವಿಧಾನದಲ್ಲಿ ಕಳಿಸಿದ ದೂರಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. “ಆ ಹೊಲ ನಮ್ಮ ಸರಹದ್ದಲ್ಲ” ಎನ್ನುವ ಮಾತಿಗೆ ಈಗ ಬೆಲೆ ಇಲ್ಲ. ಸಂಜ್ಞೇಯ, ಅಂದರೆ ಪೊಲೀಸರೇ ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾದರೆ ಎಲ್ಲಿ ನಡೆದಿದ್ದರೂ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದನ್ನೇ ಜೀರೋ ಎಫ್ಐಆರ್ ಎನ್ನುವುದು.

“ವಿಚಾರಣೆ ಮಾಡಿ ಆಮೇಲೆ ಹಾಕುತ್ತೇವೆ” ಎಂದರೆ? 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಸಂಜ್ಞೇಯ ಅಪರಾಧಕ್ಕೆ ಎಫ್ಐಆರ್ ಕಡ್ಡಾಯ ಎಂದಿತು. ಹೊಸ ಸುರಕ್ಷಾ ಸಂಹಿತೆ ಸ್ವಲ್ಪ ಸಡಿಲ ಬಿಟ್ಟಿದೆ: 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿಯ ಮುಂಚಿನ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. 303(2)ರ ಕಳ್ಳತನ ಇದರೊಳಗೆ ಬೀಳುತ್ತದೆ. ಹಾಗಾಗಿ ಸಿಟ್ಟಾಗದೆ ಒಂದೇ ಪ್ರಶ್ನೆ ಕೇಳಿ: “ಸಾರ್, ಡಿವೈಎಸ್‌ಪಿ ಸಾಹೇಬರ ಅನುಮತಿ ಆಗಿದೆಯಾ, ಯಾವ ತಾರೀಕಿಗೆ?” ಬಾಯಿಮಾತಿನ “ನಾಳೆ ಬನ್ನಿ” ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ದೂರು ತೆಗೆದುಕೊಳ್ಳಲೇ ಇಲ್ಲವೆಂದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಕಾಪಿಟ್ಟುಕೊಳ್ಳಿ. ಅದಕ್ಕೂ ಏನೂ ಆಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಎಸ್‌ಪಿಗೆ ಕಳಿಸದೆ ನೇರ ಕೋರ್ಟಿಗೆ ಹೋದ ಅರ್ಜಿಗಳು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ, ಆ ರಸೀದಿಯ ಬೆಲೆ ಇರುವುದು ಇಲ್ಲೇ.

ಒಂದೇ ರಾತ್ರಿ ಒಂದೇ ಸಾಲಿನಲ್ಲಿ ಐದಾರು ಬೋರ್‌ಗಳ ಕೇಬಲ್ ಹೋಗಿದ್ದರೆ ಎಲ್ಲರೂ ಜೊತೆಗೆ ಹೋಗಿ. ಒಬ್ಬೊಬ್ಬರೇ ಹೋದರೆ ಆರು ಎನ್‌ಸಿಆರ್ ಆಗಬಹುದು. ಜೊತೆಗೆ ಹೋಗಿ ಒಂದೇ ಗುಂಪಿನ ಕೆಲಸವೆಂದು ಸ್ಥಳಗಳ ವಿವರ ಕೊಟ್ಟರೆ ನಷ್ಟದ ಒಟ್ಟು ಗಾತ್ರ ಅಧಿಕಾರಿಯ ಕಣ್ಣಿಗೆ ಬೀಳುತ್ತದೆ. ಗುಂಪು ಕಟ್ಟಿಕೊಂಡು ಮಾಡುವ ಸಣ್ಣ ಕಳ್ಳತನಗಳಿಗೆ ನ್ಯಾಯ ಸಂಹಿತೆಯಲ್ಲಿ 112ನೇ ಸೆಕ್ಷನ್ ಇದೆ, 1ರಿಂದ 7 ವರ್ಷ ಶಿಕ್ಷೆ. ಟ್ರಾನ್ಸ್‌ಫಾರ್ಮರ್‌ನ ಎಣ್ಣೆ, ತಂತಿ ಹೋಗಿದ್ದರೆ ಮಾತ್ರ ದಾರಿ ಬೇರೆ. ಅದು ವಿದ್ಯುತ್ ಕಂಪನಿಯ ಆಸ್ತಿ, ದೂರು ಅವರೇ ಕೊಡಬೇಕು, 2003ರ ವಿದ್ಯುತ್ ಕಾಯ್ದೆಯ 136 ಅನ್ವಯಿಸುತ್ತದೆ. ನೀವು 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಶಾಖಾಧಿಕಾರಿ ದೂರು ಕೊಟ್ಟರೇ ಎಂದು ಬೆನ್ನು ಹತ್ತಿ.

ಮಹಜರಿಗೆ ಬಂದಾಗ ಪಂಚರಾಗಲು, ಅಂದರೆ ಸಾಕ್ಷಿಯಾಗಿ ಸಹಿ ಹಾಕಲು, ಊರವರು ಹಿಂದೆ ಸರಿಯುತ್ತಾರೆ, ಕೋರ್ಟಿಗೆ ಅಲೆಯಬೇಕಲ್ಲ ಎಂಬ ಭಯ. ಕೊನೆಗೆ ದೂರುದಾರನ ಅಣ್ಣನೋ ಭಾವಮೈದುನನೋ ಸಹಿ ಹಾಕುತ್ತಾನೆ, ಕೋರ್ಟಿನಲ್ಲಿ ಅವನು ಆಸಕ್ತ ಸಾಕ್ಷಿ, ಅಂದರೆ ಕೇಸಿನಲ್ಲಿ ಸ್ವಂತ ಹಿತವಿರುವ ಸಾಕ್ಷಿಯಾಗುತ್ತಾನೆ. ಸಂಬಂಧವಿಲ್ಲದ ಇಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಮಾಲು ವಶಕ್ಕೆ ಪಡೆಯುವುದನ್ನು ವಿಡಿಯೋ ಮಾಡಬೇಕೆಂದು ಈಗ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ, ಅದರಿಂದ ಪಂಚರ ಮೇಲಿನ ಭಾರವೂ ಕಡಿಮೆಯಾಗಿದೆ. ಡೈರಿಯದೋ ಅಂಗಡಿಯದೋ ಕ್ಯಾಮೆರಾದಲ್ಲಿ ಗಾಡಿ ಕಂಡರೆ ಟಿವಿ ಪರದೆಯನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರೆ ಸಾಕ್ಷ್ಯವಾಗುವುದಿಲ್ಲ. ಮೂಲ ಫೈಲ್ ಬೇಕು, ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಕ್ಯಾಮೆರಾದ ದೃಶ್ಯ ಉಳಿಸುವ ಡಿವಿಆರ್‌ನಲ್ಲಿ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ, ಆದ್ದರಿಂದ ತನಿಖಾಧಿಕಾರಿಗೆ ಅದೇ ದಿನ ತಿಳಿಸಿ. ಕ್ಯಾಮೆರಾದ ಗಡಿಯಾರ ನಿಜವಾದ ಗಂಟೆಗಿಂತ ಎಷ್ಟು ಹಿಂದೆ ಮುಂದೆ ಇದೆ ಎನ್ನುವುದನ್ನೂ ಬರೆಸಿ.

ಕಳ್ಳ ಕೈಗೇ ಸಿಕ್ಕಿಬಿಟ್ಟರೆ? ನಿಮ್ಮ ಕಣ್ಣೆದುರೇ ಸಂಜ್ಞೇಯ, ಜಾಮೀನುರಹಿತ ಅಪರಾಧ ಮಾಡಿದವನನ್ನು ಹಿಡಿಯುವ ಹಕ್ಕು ಸಾಮಾನ್ಯನಿಗೂ ಇದೆ, ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಆದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟುವುದು, ಹೊಡೆದು ತಪ್ಪೊಪ್ಪಿಸಿ ವಿಡಿಯೋ ಮಾಡುವುದು ಹಕ್ಕಲ್ಲ, ಅಪರಾಧ. ಕೇಬಲ್ ಕಳ್ಳನ ಕೇಸ್ ಹಾಗೇ ಉಳಿದು ಊರಿನ ಹತ್ತು ಹುಡುಗರು ಕೊಲೆ ಯತ್ನದ ಆರೋಪಿಗಳಾಗುವುದು ಹೀಗೆಯೇ. ಅಪರಿಚಿತರೆಲ್ಲ ಕಳ್ಳರೂ ಅಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದಿತು. ಕಾರಿನಲ್ಲಿ ಬಂದಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ.

ಮಾಲು ಸಿಗುವ ವಿಷಯದಲ್ಲಿ ಕೇಬಲ್‌ಗೆ ಒಂದು ಶಾಪವಿದೆ. ಸುಟ್ಟು ಮುದ್ದೆಯಾದ ತಾಮ್ರದಲ್ಲಿ ಇದು ನಿನ್ನದು, ಅದು ನನ್ನದು ಎಂದು ಯಾರೂ ಹೇಳಲಾರರು. ಕುರಿಯಾದರೆ ಕಿವಿ ಗುರುತು, ಹಸು ಎಮ್ಮೆಯಾದರೆ ಕಿವಿಯೋಲೆಯ 12 ಅಂಕಿ, ಮೋಟಾರಾದರೆ ನೇಮ್‌ಪ್ಲೇಟಿನ ಸೀರಿಯಲ್ ನಂಬರ್ ಇರುತ್ತದೆ. ಇವನ್ನೆಲ್ಲ ಇಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಟಾರ್ಟರ್ ಪೆಟ್ಟಿಗೆಯ ಒಳಮೈಗೆ ಮೊಳೆಯಲ್ಲಿ ಹೆಸರು ಗೀಚಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡ ಗುಜರಿಯವನ ಮೇಲೆ 317ರಡಿ ಕೇಸ್ ಆಗುತ್ತದೆ. ಕೇಬಲ್ ಕಳ್ಳತನದ ಜಾಲ ತುಂಡಾಗುವುದು ಅಲ್ಲಿಂದಲೇ, ಹೊಲ ಕಾಯುವುದರಿಂದಲ್ಲ. ವಶಪಡಿಸಿಕೊಂಡ ಮಾಲಿಗೆ ಠಾಣೆಯಲ್ಲಿ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರ್ ಬೀಳುತ್ತದೆ. ಆ ನಂಬರ್ ಬರೆದುಕೊಂಡು ಕೋರ್ಟಿನಲ್ಲಿ ಬಿಡುಗಡೆ ಅರ್ಜಿ ಹಾಕಿ, ಬಾಂಡ್ ಕೊಟ್ಟು ಪಡೆಯಬಹುದು. ಕೇಸ್ ಮುಗಿಯುವವರೆಗೆ ಮಾಲು ಠಾಣೆಯಲ್ಲಿ ತುಕ್ಕು ಹಿಡಿಯಬೇಕಿಲ್ಲ ಎಂದು 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರನಿಗೆ ತಿಳಿಸುವುದೂ ಈಗ ಪೊಲೀಸರ ಕರ್ತವ್ಯ. ಕಳ್ಳ ಪತ್ತೆಯಾಗಲಿಲ್ಲ ಎಂದು ಸಿ ರಿಪೋರ್ಟ್ ಹೋದರೂ ಮುಂದೆ ಬೇರೆ ಕಡೆ ಸಿಕ್ಕಿಬಿದ್ದವನು ನಿಮ್ಮೂರಿನ ಹೆಸರು ಹೇಳಿದರೆ ಕೇಸ್ ಮತ್ತೆ ತೆರೆಯುತ್ತದೆ. ದೂರೇ ಇಲ್ಲದಿದ್ದರೆ ತೆರೆಯಲು ಏನೂ ಇರುವುದಿಲ್ಲ.

ಹಿಂದೆ ಊರು ಕಾಯಲು ಊರಿಗೊಬ್ಬ ತಳವಾರ ಇರುತ್ತಿದ್ದ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಆ ವಂಶಪಾರಂಪರ್ಯದ ಹುದ್ದೆ ಹೋಯಿತು. ಹೋದದ್ದು ನ್ಯಾಯವೇ, ಅದರ ಹಿಂದೆ ಜಾತಿಯ ಹೊರೆ ಇತ್ತು. ಆದರೆ ರಾತ್ರಿ ಊರನ್ನು ಬಲ್ಲ ಕಣ್ಣಿನ ಜಾಗ ಖಾಲಿ ಉಳಿಯಿತು. 1964ರ ಗ್ರಾಮ ರಕ್ಷಣಾ ದಳ ಕಾಯ್ದೆ ಇನ್ನೊಂದು ಪ್ರಯತ್ನ. ದಳ ಜೀವಂತ ಇರುವ ಊರುಗಳು ವಿರಳ. 2017ರಲ್ಲಿ ಬೀಟ್ (ಪೊಲೀಸ್ ಗಸ್ತಿನ ಪ್ರದೇಶ) ವ್ಯವಸ್ಥೆ ಸುಧಾರಿಸಿ ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿಯನ್ನೇ ಹೊಣೆ ಮಾಡಿದರು, 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆ ಬಂತು. ನಿಮ್ಮ ಊರಿನ ಬೀಟ್ ಪೊಲೀಸ್ ಯಾರು, ನಂಬರ್ ಯಾವುದು ಎಂದು ಠಾಣೆಯಲ್ಲಿ ಕೇಳಿ ಡೈರಿಯ ಗೋಡೆಗೆ ಬರೆಸಿ. ರಾತ್ರಿ ಗಸ್ತಿನ ಸಿಬ್ಬಂದಿ ಬಂದು ಸಹಿ ಹಾಕುವ ಪಾಯಿಂಟ್ ಪುಸ್ತಕ ಸಾಮಾನ್ಯವಾಗಿ ಊರೊಳಗಿನ ದೇವಸ್ಥಾನದಲ್ಲೋ ಬ್ಯಾಂಕಿನ ಬಳಿಯೋ ಇರುತ್ತದೆ, ಕಳ್ಳತನ ನಡೆಯುವುದು ಊರಾಚೆಯ ಬೋರ್ ಸಾಲಿನಲ್ಲಿ. ಪುಸ್ತಕವನ್ನು ಆ ದಾರಿಯ ಒಂಟಿಮನೆಗೆ ಸ್ಥಳಾಂತರಿಸಿ ಎಂದು ಪಿಎಸ್ಐಗೆ ಅರ್ಜಿ ಕೊಡಬಹುದು. ಆ ಅರ್ಜಿಯ ಜೊತೆ ಎರಡು ಎಫ್ಐಆರ್ ಪ್ರತಿ ಇದ್ದರೆ ಅದರ ತೂಕವೇ ಬೇರೆ.

ಹೊಸ ಕೇಬಲ್ ಹಾಕುವಾಗ ನೆಲದ ಮೇಲೆ ಎಳೆಯಬೇಡಿ. ಎರಡು ಅಡಿ ಆಳದ ಚರಂಡಿ ತೋಡಿ ಪಿವಿಸಿ ಪೈಪಿನೊಳಗೆ ಹಾಯಿಸಿ, ಪೆಟ್ಟಿಗೆಯ ಬುಡ ಮತ್ತು ಬೋರ್ ಬಾಯಿ ಎರಡೂ ಕಡೆ ನೆಲದಿಂದ ಮೇಲಕ್ಕೆ ಜಿಐ ಪೈಪ್ ಕೊಟ್ಟು ಕಾಂಕ್ರೀಟ್ ಹಾಕಿ. ಬಹುಪಾಲು ಕಳ್ಳತನ ನಡೆಯುವುದು ಎಳೆದರೆ ಬರುವ ಕೇಬಲ್‌ಗೆ. ನೆಲದ ಈ ಭಾಗಕ್ಕಷ್ಟೇ ಅಲ್ಯೂಮಿನಿಯಂ ಹಾಕುವ ಉಪಾಯವೂ ಇದೆ, ಗುಜರಿಯಲ್ಲಿ ಅದಕ್ಕೆ ತಾಮ್ರದ ಬೆಲೆ ಇಲ್ಲ. ಆದರೆ ತಾಮ್ರದ 4ಕ್ಕೆ ಅಲ್ಯೂಮಿನಿಯಂ 4 ಸಾಲದು. ದೂರ ಕಡಿಮೆ ಇದ್ದರೆ 6, ದೂರ ಹೆಚ್ಚಿದ್ದರೆ 10 ಬೇಕು, ಇಲ್ಲವಾದರೆ ವೋಲ್ಟೇಜ್ ಬಿದ್ದು ಮೋಟಾರ್ ಸುಡುತ್ತದೆ. ಎರಡು ಲೋಹ ಸೇರುವ ಕಡೆ ತಂತಿ ತಿರುಚಿ ಟೇಪ್ ಸುತ್ತಿದರೆ ಒಂದೇ ಮಳೆಗಾಲದಲ್ಲಿ ಜಾಯಿಂಟ್ ಕಿಲುಬು ಹಿಡಿದು ಬಿಸಿಯಾಗುತ್ತದೆ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಕೂಡಿಸುವ ಬೈಮೆಟಲ್ ಲಗ್ ಹಾಕಿಸಿ, ಆ ಜಾಯಿಂಟ್ ಪೆಟ್ಟಿಗೆಯೊಳಗೇ ಬರುವಂತೆ ನೋಡಿಕೊಳ್ಳಿ.